ಆಟಿಕೆ ತೊಳೆಯುವ ಗಂಡ

ಮಗುವಿಗೆ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಅವಳಿಗೆ ಗಂಡನ ಮೇಲಿದ್ದ ಸಿಟ್ಟೆಲ್ಲ ಆರಿಹೋಗಿ, ಆ ಜಾಗದಲ್ಲಿ ತಣ್ಣಗಿನ ತಾತ್ಸಾರವೊಂದು ಬಂದು ಕೂತಿತ್ತು. ಸಿಟ್ಟನ್ನಾದರೆ ಕೂಗಾಡಿ ಕಳೆದುಕೊಳ್ಳಬಹುದು. ತಾತ್ಸಾರ ಹಾಗಲ್ಲ. ಅದು ಮನೆಯಲ್ಲೇ ಠಿಕಾಣಿ ಹೂಡುತ್ತದೆ, ಊಟಕ್ಕೆ ಜೊತೆಯಲ್ಲೇ ಕೂರುತ್ತದೆ, ಎದುರಿಗಿರುವವನು ಬಾಯಿ ತೆರೆಯುವ ಮೊದಲೇ ಅವನೇನು ಹೇಳಲಿದ್ದಾನೆ ಎಂದು ಕಿವಿಯಲ್ಲಿ ಉಸುರುತ್ತದೆ.

ಅವಳು ಕಾರು ಕಲಿಸುವವಳು. ಮಗು ಹುಟ್ಟುವ ತನಕ ಊರಿನ ಡ್ರೈವಿಂಗ್ ಶಾಲೆಯೊಂದರಲ್ಲಿ ಕೆಲಸಕ್ಕಿದ್ದಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟು, ಎಷ್ಟೋ ಜನರ ಜೀವ ಉಳಿಸಿದ್ದಳು. ಸ್ಟಿಯರಿಂಗ್ ಹಿಡಿಯುವ ರೀತಿಯಿಂದಲೇ ಮನುಷ್ಯನ ಜಾತಕ ಹೇಳಿಬಿಡುತ್ತೇನೆ ಎನ್ನುವುದು ಅವಳ ಹೆಮ್ಮೆ. ಆ ಲೆಕ್ಕದಲ್ಲಿ ಗಂಡನನ್ನು ಮದುವೆಗೆ ಮುಂಚೆ ಒಂದು ಸಲವಾದರೂ ಕಾರಿನಲ್ಲಿ ಕೂರಿಸಿ ನೋಡಬೇಕಿತ್ತು ಎಂದು ಈಗ ಅನಿಸುತ್ತಿತ್ತು. ಅವನು ಹಾರನ್ ಒತ್ತುವುದರಲ್ಲಿ ನಿಪುಣ. ರಿವರ್ಸ್ ತೆಗೆಯುವಾಗ ಮಾತ್ರ ಯಾರಾದರೂ ಕೆಳಗಿಳಿದು "ಬನ್ನಿ, ಬನ್ನಿ" ಅನ್ನಬೇಕು.

ಗಂಡನಿಗೆ ಕೆಲಸವಿದ್ದದ್ದು ಶುಚಿಗೊಳಿಸುವ ದ್ರಾವಣ ತಯಾರಿಸುವ ಕಂಪನಿಯೊಂದರಲ್ಲಿ. ನೆಲಕ್ಕೊಂದು, ಬಚ್ಚಲಿಗೊಂದು, ಮಕ್ಕಳ ಆಟಿಕೆಗಳಿಗೆಂದೇ ನೀಲಿ ಬಣ್ಣದ್ದೊಂದು. ಈ ನೀಲಿ ದ್ರಾವಣದ ಪ್ರಚಾರ ಇವನ ಪಾಲಿಗೆ ಬಂದಿತ್ತು. ಮಕ್ಕಳ ಆಸ್ಪತ್ರೆ, ಶಿಶುವಿಹಾರ, ಬಾಣಂತಿಯರ ಸಭೆ, ಎಲ್ಲಿ ನಾಲ್ಕು ಜನ ತಾಯಂದಿರು ಸೇರುತ್ತಾರೋ ಅಲ್ಲಿಗೆ ಹೋಗಿ ಭಾಷಣ ಮಾಡುವುದು ಕೆಲಸ. ಆಟಿಕೆಯಲ್ಲಿ ಎಷ್ಟು ಬಗೆಯ ರೋಗಾಣು ಇರುತ್ತವೆ, ಅವು ಹೇಗೆ ಮಗುವಿನ ಬಾಯಿ ಸೇರುತ್ತವೆ ಎಂದು ಅವನು ಕಣ್ಣರಳಿಸಿ ಹೇಳುತ್ತಿದ್ದರೆ ಕೇಳುವ ತಾಯಂದಿರು ಮಡಿಲಲ್ಲಿದ್ದ ಮಗುವಿನ ಕೈಯಿಂದ ಗಿಲಕಿ ಕಿತ್ತುಕೊಳ್ಳುತ್ತಿದ್ದರು.

ಒಮ್ಮೆ ಅವಳೂ ಮಗುವನ್ನೆತ್ತಿಕೊಂಡು ಅಂಥ ಸಭೆಯೊಂದಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಭಾಷಣದ ಕೊನೆಗೆ ಅವನು ಎದೆಯ ಮೇಲೆ ಕೈಯಿಟ್ಟು ಹೇಳಿದ: "ನಮ್ಮ ಮನೇಲಿ ಆಟಿಕೆ ತೊಳೆಯೋ ಜವಾಬ್ದಾರಿ ನಂದು. ನನ್ನ ಹೆಂಡತಿ ಅದನ್ನ ಮುಟ್ಟೋ ಹಾಗೇ ಇಲ್ಲ. ಅಪ್ಪನಾದವನು ಇಷ್ಟೂ ಮಾಡದೇ ಇದ್ರೆ ಹೇಗೆ?"

ಚಪ್ಪಾಳೆ ಬಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಅವಳ ಮೊಣಕೈ ತಿವಿದು, "ಆ ಹೆಂಡತಿ ಯಾರೋ ಏನೋ, ಪುಣ್ಯ ಮಾಡಿರ್ಬೇಕು ಕಣ್ರೀ," ಎಂದಳು.

"ಮಾಡಿರ್ಬೇಕು," ಎಂದಳು ಅವಳು. ಅವತ್ತಿನಿಂದ ಮನಸ್ಸಿನೊಳಗೆ ಗಂಡನಿಗೆ 'ಶುಚಿಮೂರ್ತಿ' ಎಂದು ಹೆಸರಿಟ್ಟಳು.

ಶುಚಿಮೂರ್ತಿ ಮನೆಯಲ್ಲಿ ಒಂದು ಗಿಲಕಿಯನ್ನೂ ತೊಳೆದವನಲ್ಲ. ಮಗುವಿನ ಹೆಸರು ಬೇರೆಯೇ ಇದ್ದರೂ, ಕೂತಲ್ಲೇ ಗಿರ್ರನೆ ಸುತ್ತುತ್ತಿದ್ದ ಅದನ್ನು ಎಲ್ಲರೂ ಬುಗುರಿ ಎಂದೇ ಕರೆಯುತ್ತಿದ್ದರು. ಬುಗುರಿ ಏನನ್ನು ಹಿಡಿದರೂ ಮೊದಲು ಬಾಯಿಗೆ, ಆಮೇಲೆ ನೆಲಕ್ಕೆ. ಒಂದರೊಳಗೊಂದು ಕೂರುವ ಪ್ಲಾಸ್ಟಿಕ್ ಬಟ್ಟಲುಗಳನ್ನೂ ಹಲ್ಲು ಬರುವಾಗ ಕಚ್ಚುವ ರಬ್ಬರ್ ಬಳೆಯನ್ನೂ ಅವಳು ದಿನಾ ಬೆಚ್ಚಗಿನ ಸೋಪಿನ ನೀರಿನಲ್ಲಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಬಟ್ಟೆಯ ಮೊಲವನ್ನು ಬಲೆಚೀಲದಲ್ಲಿ ಹಾಕಿ ಮೆಷಿನ್ನಿಗೆ. ಮರದ ತುಂಡುಗಳು ನೀರು ಕುಡಿದರೆ ಸೀಳುತ್ತವೆ, ಅವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ. ಕಂಪನಿಯ ನೀಲಿ ದ್ರಾವಣ ಡಬ್ಬಗಟ್ಟಲೆ ಪುಕ್ಕಟೆ ಬರುತ್ತಿದ್ದುದರಿಂದ ಮೊದಮೊದಲು ಅದನ್ನೇ ಬಳಸಿದಳು. ಅದನ್ನು ಹಾಕಿದ ಮೇಲೆ ವಾಸನೆ ಹೋಗುವ ತನಕ ಮತ್ತೆ ಮತ್ತೆ ನೀರಿನಲ್ಲಿ ಜಾಲಿಸಬೇಕು. ಬೆರಳ ಸಂದಿ ಒಡೆದು ಉಪ್ಪು ತಾಗಿದರೆ ಚುರ್ ಎನ್ನತೊಡಗಿದ ಮೇಲೆ ಡಬ್ಬಗಳನ್ನು ಮೆಟ್ಟಿಲ ಕೆಳಗೆ ಸರಿಸಿ ಸೋಪಿಗೇ ಮರಳಿದಳು. ಶುಚಿಮೂರ್ತಿಗೆ ಅದೂ ಗೊತ್ತಾಗಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಈ ಮನೆಯಲ್ಲಿ ಕೆಸರಾಗುತ್ತಿದ್ದ ಕೈ ಒಬ್ಬರದು, ಮೊಸರು ಬೀಳುತ್ತಿದ್ದ ಬಾಯಿ ಇನ್ನೊಬ್ಬರದು.

ಕೆಲಸಕ್ಕೆ ವಾಪಸ್ಸು ಹೋಗುವ ಮಾತೆತ್ತಿದಾಗಲೆಲ್ಲ ಅವನದು ಒಂದೇ ಪಲ್ಲವಿ: "ಮಗು ದೊಡ್ಡದಾಗ್ಲಿ ಕಣೇ. ಬೇರೆಯವರ ಕೈಗೆ ಕೊಟ್ರೆ ಶುಚಿ ಗಿಚಿ ಯಾರು ನೋಡ್ತಾರೆ?"

ಹೀಗಿರುವಾಗ ಒಂದು ಸಂಜೆ ಅವನು ಬೂಟು ಬಿಚ್ಚುವ ಮೊದಲೇ ಸುದ್ದಿ ಹೇಳಿದ. ಕಂಪನಿಯವರು ಆಟಿಕೆ ಶುಚಿ ಮಾಡುವುದರ ಬಗ್ಗೆ ಒಂದು ಚಿಕ್ಕ ಫಿಲ್ಮ್ ತೆಗೆಯುತ್ತಾರಂತೆ. ಆಸ್ಪತ್ರೆಗಳ ಟೀವಿಯಲ್ಲಿ ಅದು ಓಡುತ್ತದಂತೆ. ಅದನ್ನು ಇವರ ಮನೆಯಲ್ಲೇ, ಇವನನ್ನೇ ಇಟ್ಟು ತೆಗೆಯುವುದಂತೆ.

"ಮ್ಯಾನೇಜರ್ ಖುದ್ದು ಬರ್ತಿದ್ದಾರೆ. ಮನೆ ಫಳಫಳ ಅನ್ಬೇಕು. ಆಟಿಕೆ ಎಲ್ಲ ಚೆನ್ನಾಗಿ ತೊಳೆದಿಡು."

"ಫಿಲ್ಮಲ್ಲಿ ತೊಳೆಯೋದನ್ನೇ ತಾನೇ ತೋರಿಸೋದು?"

"ಹೌದು."

"ಹಾಗಿದ್ರೆ ಮೊದಲೇ ಯಾಕೆ ತೊಳೀಬೇಕು?"

ಅವನು ಪೆದ್ದ ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದ: "ಕ್ಯಾಮೆರಾ ಕಣೇ. ಕ್ಯಾಮೆರಾ ಮುಂದೆ ಕೊಳಕು ಇಡೋಕಾಗುತ್ತಾ?"

ಅವಳು ತೊಳೆದಿಟ್ಟಳು. ತೊಳೆಯುವಾಗ ರಬ್ಬರಿನ ಹಳದಿ ಬಾತುಕೋಳಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಹೊಟ್ಟೆಯಡಿಯ ತೂತಿನಿಂದ ಸ್ನಾನದ ನೀರು ಒಳಗೆ ಹೋಗಿ, ಒಣಗಲು ದಾರಿಯಿಲ್ಲದೆ, ಒಳಗೆಲ್ಲ ಕಪ್ಪು ಬೂಷ್ಟು ಹಿಡಿದಿತ್ತು. ಇನ್ನು ಇದು ತೊಳೆದು ಹೋಗುವಂಥದ್ದಲ್ಲ ಎಂದು ಕಸದ ಡಬ್ಬಿಗೆ ಹಾಕಿದಳು.

ಶೂಟಿಂಗ್ ದಿನ ಮ್ಯಾನೇಜರ್ ಬಿಳಿ ಅಂಗಿ ತೊಟ್ಟು ಬಂದ. ಜೊತೆಗೆ ದೀಪದ ಕಂಬಗಳನ್ನು ಹೊತ್ತುಕೊಂಡು ಕ್ಯಾಮೆರಾದವನು. ಕರೆಯದಿದ್ದರೂ ಬಂದವಳು ನಾದಿನಿ. ಅಣ್ಣ ಫಿಲ್ಮಿನಲ್ಲಿ ಬರುತ್ತಾನೆಂದರೆ ತಂಗಿ ಮನೆಯಲ್ಲಿ ಕೂರುತ್ತಾಳೆಯೇ? ಉಗುರಿಗೆ ಹೊಸ ಬಣ್ಣ, ಕೂದಲಿಗೆ ಹೊಸ ಸುರುಳಿ. ಬಂದವಳೇ ಬುಗುರಿಯ ಕೆನ್ನೆ ಹಿಂಡಿ, "ಅತ್ತಿಗೆ, ಒಂಚೂರು ಕಾಫಿ," ಎಂದಳು. ಅವಳ ಮಟ್ಟಿಗೆ ಅತ್ತಿಗೆ ಎಂದರೆ ಅಡುಗೆಮನೆಯಲ್ಲಿ ಸ್ವಿಚ್ಚು ಒತ್ತಿದರೆ ಕೆಲಸ ಮಾಡುವ ಒಂದು ಸಾಮಾನು.

ಮೊದಲು 'ಮುಂಚಿನ' ದೃಶ್ಯ ಬೇಕೆಂದರು. ಎಂದರೆ ಕೊಳಕಾದ ಆಟಿಕೆ. ತೊಳೆದದ್ದೆಲ್ಲ ಫಳಫಳ ಹೊಳೆಯುತ್ತಿತ್ತಲ್ಲ, ಮ್ಯಾನೇಜರ್ ಮೂಗು ಮುರಿದ. ಕ್ಯಾಮೆರಾದವನು ಚೀಲದಿಂದ ಚಾಕೊಲೇಟ್ ತೆಗೆದು ಕರಗಿಸಿ, ಬಟ್ಟಲುಗಳಿಗೂ ಗಿಲಕಿಗೂ ಮೊಲದ ಕಿವಿಗೂ ಬಳಿದ. ಬೆಳಿಗ್ಗೆಯೆಲ್ಲ ತಾನು ಉಜ್ಜಿದ್ದನ್ನು ಅವನು ಎರಡೇ ನಿಮಿಷದಲ್ಲಿ ಗೊಬ್ಬರದ ಗುಂಡಿಗೆ ಇಳಿಸಿದ್ದನ್ನು ಅವಳು ಬಾಗಿಲಿಗೊರಗಿ ನೋಡುತ್ತಾ ನಿಂತಳು.

"ಇನ್ನೂ ಏನೋ ಬಣ್ಣ ಕಮ್ಮಿ ಇದೆ," ಎಂದ ಕ್ಯಾಮೆರಾದವನು.

ಶುಚಿಮೂರ್ತಿ ಸುತ್ತ ಹುಡುಕಿದ. ಅಡುಗೆಮನೆಗೆ ಹೋಗಿ, ಕಸದ ಡಬ್ಬಿಯಲ್ಲಿ ಇಣುಕಿ, ಬಾತುಕೋಳಿಯನ್ನು ಎತ್ತಿಕೊಂಡು ಬಂದ. "ಇಷ್ಟು ಚೆನ್ನಾಗಿರೋದನ್ನ ಯಾಕೆ ಎಸೆದಿದ್ದೀಯ? ಹಳದಿ ಬಣ್ಣ ಎದ್ದು ಕಾಣುತ್ತೆ."

"ರೀ, ಅದರೊಳಗೆ—"

"ಸುಮ್ನಿರೇ, ಜನ ಇದ್ದಾರೆ."

ಅವಳು ಸುಮ್ಮನಾದಳು. ಕಾರು ಕಲಿಸುವಾಗಲೂ ಒಂದೊಂದು ಸಲ ಹೀಗೇ. ಹೇಳಿದರೆ ಕೇಳದವನಿಗೆ ಗೋಡೆಯೇ ಪಾಠ ಹೇಳಬೇಕು.

ತೊಳೆಯುವ ದೃಶ್ಯಕ್ಕೆ ದೊಡ್ಡ ಬೇಸಿನ್ನಿನಲ್ಲಿ ನೀಲಿ ನೀರು ತುಂಬಿದರು. ಮಾತು ಗಂಡನದು, ಹತ್ತಿರದಿಂದ ತೋರಿಸುವ ಕೈ ಮಾತ್ರ ಹೆಂಗಸಿನದೇ ಆಗಬೇಕು ಎಂದ ಮ್ಯಾನೇಜರ್. "ನೋಡೋರಿಗೆ ನಂಬಿಕೆ ಬರ್ಬೇಕಲ್ಲ." ಗಂಡ ಆಟಿಕೆ ತೊಳೆಯುತ್ತಾನೆ ಎಂದು ಸಾರುವ ಫಿಲ್ಮಿನಲ್ಲೂ ತೊಳೆಯುವ ಕೈ ಹೆಂಗಸಿನದು! ಅವಳಿಗೆ ನಗು ಬಂತು. ಕ್ಯಾಮೆರಾದವನು ಅವಳ ಕೈಯನ್ನು ಬೆಳಕಿಗೆ ತಿರುಗಿಸಿ ನೋಡಿ, ಸಂತೆಯಲ್ಲಿ ಹುಳುಕು ಬಿದ್ದ ಕಾಯಿಯನ್ನು ಬದಿಗಿಡುವ ಹಾಗೆ ಬಿಟ್ಟ. "ಚರ್ಮ ಒಡೆದಿದೆ ಮೇಡಂ. ಕ್ಲೋಸಪ್ಪಿಗೆ ಆಗಲ್ಲ."

"ಒಡೆದದ್ದು ಯಾತರಿಂದ ಅಂತ ಕೇಳಲ್ವಾ?" ಎಂದಳು ಅವಳು, ಬೇಸಿನ್ನಿನ ಕಡೆ ನೋಡುತ್ತ.

ಯಾರೂ ಕೇಳಲಿಲ್ಲ. ಅಷ್ಟರಲ್ಲಿ ನಾದಿನಿ ಬಣ್ಣದ ಉಗುರುಗಳ ಕೈಗಳೆರಡನ್ನೂ ಮುಂದೆ ಚಾಚಿಯಾಗಿತ್ತು. ಹುಟ್ಟಿದಂದಿನಿಂದ ಒಂದು ಲೋಟವನ್ನೂ ತೊಳೆಯದ ಆ ಕೈಗಳು ನೀಲಿ ನೀರಿನಲ್ಲಿ ಬಟ್ಟಲುಗಳನ್ನು ಬೆಕ್ಕಿನ ತಲೆ ಸವರಿದಂತೆ ಸವರಿದವು. ಕ್ಯಾಮೆರಾದವನಿಗೆ ಬಹಳ ಹಿಡಿಸಿತು.

ಶುಚಿಮೂರ್ತಿ ಕ್ಯಾಮೆರಾದತ್ತ ತಿರುಗಿ ತನ್ನ ಭಾಷಣ ಶುರುಮಾಡಿದ. ಸ್ವರಕ್ಕೆ ಜೇನು ಬೆರೆತಿತ್ತು. "ತೂತಿರೋ ರಬ್ಬರ್ ಆಟಿಕೆಗಳನ್ನ ಹೀಗೆ ಗಟ್ಟಿಯಾಗಿ ಹಿಂಡಿ, ಒಳಗಿರೋ ನೀರನ್ನ ಪೂರ್ತಿ—"

ಹಿಂಡಿದ. ಬಾತುಕೋಳಿ ಒಂದು ಸಲ ಕೊಕ್ಕ್ ಎಂದಿತು. ತಿಂಗಳುಗಟ್ಟಲೆ ಒಳಗೆ ಕೊಳೆತಿದ್ದ ಕಪ್ಪು ಲೋಳೆ ಪಿಚಕ್ಕನೆ ಚಿಮ್ಮಿ, ನಾದಿನಿಯ ಎರಡೂ ಕೈಗಳನ್ನು ತೋಯಿಸಿ, ಬಗ್ಗಿ ನೋಡುತ್ತಿದ್ದ ಮ್ಯಾನೇಜರನ ಬಿಳಿ ಅಂಗಿಯ ಮೇಲೆ ಕೊರಳಿನಿಂದ ಹೊಟ್ಟೆಯ ತನಕ ಒಂದು ಗೆರೆ ಎಳೆಯಿತು. ನಾದಿನಿ ಕಿಟಾರನೆ ಕಿರುಚಿಕೊಂಡಳು. ಬುಗುರಿಗೆ ಇದೊಂದು ಹೊಸ ಆಟವೆನಿಸಿ, ಚಪ್ಪಾಳೆ ತಟ್ಟಿ ನಕ್ಕಿತು.

ವಾಸನೆ ಕೋಣೆಯೆಲ್ಲ ಹರಡಿತು. ಮ್ಯಾನೇಜರ್ ತನ್ನ ಅಂಗಿಯನ್ನು ನೋಡಿಕೊಂಡ, ಆಮೇಲೆ ಶುಚಿಮೂರ್ತಿಯನ್ನು ನೋಡಿದ.

"ಈ ಮನೇಲಿ ಆಟಿಕೆ ತೊಳೆಯೋರು ಯಾರ್ರೀ?"

ಇಂಗು ತಿಂದ ಮಂಗನಂತಾಗಿದ್ದ ಶುಚಿಮೂರ್ತಿಯ ಬಾಯಿಂದ ಕ್ಷಣವೂ ತಡವಿಲ್ಲದೆ ಉತ್ತರ ಬಂತು: "ನನ್ನ ಹೆಂಡತಿ, ಸಾರ್."

ಎಷ್ಟು ಸಭೆಗಳಲ್ಲಿ ಎದೆ ಮುಟ್ಟಿಕೊಂಡು ಹೇಳಿದ್ದನೋ ಅದನ್ನು ಒಂದು ಹನಿ ಲೋಳೆಗೆ ನುಂಗಿಬಿಟ್ಟ. ಅವಳು ಅವನ ಮುಖವನ್ನು ದಿಟ್ಟಿಸಿದಳು. ಸುಳ್ಳು ಹೇಳಿದ ನಾಚಿಕೆಯಾಗಲಿ, ನಿಜ ಹೇಳಿದ ನಾಚಿಕೆಯಾಗಲಿ ಅಲ್ಲಿ ಏನೂ ಕಾಣಲಿಲ್ಲ. ಗುದ್ದಿದ ಮೇಲೆ "ಬ್ರೇಕೇ ಸರಿ ಇಲ್ಲ" ಎನ್ನುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಅಂಥವನೊಬ್ಬನೊಂದಿಗೆ ಸಂಸಾರ ಮಾಡುತ್ತಿದ್ದೇನೆ ಎನ್ನುವುದು ಇಷ್ಟು ಸ್ಪಷ್ಟವಾಗಿ ಕಂಡದ್ದು ಇದೇ ಮೊದಲು.

"ನೀವೇ ತೊಳೆಯೋದು ಅಂತ ಹೇಳ್ಕೊಂಡು ಬಂದ್ರಲ್ಲ ಇಷ್ಟು ದಿನ?" ಎಂದ ಮ್ಯಾನೇಜರ್.

"ಮೇಲ್ವಿಚಾರಣೆ ನಂದು ಸಾರ್."

ಮ್ಯಾನೇಜರ್ ಅಂಗಿ ಒರೆಸಿಕೊಳ್ಳುತ್ತಾ ಯೋಚಿಸಿದ. ಅವನೂ ಅದೇ ಅಂಗಡಿಯ ಸರಕು. ಸ್ವಲ್ಪ ಹೊತ್ತಿಗೆ ಅವನ ಮುಖ ಅರಳಿತು. "ಇದನ್ನೇ ಕಥೆ ಮಾಡೋಣ. ಮೇಡಂ, ನೀವು ಅಜಾಗರೂಕ ತಾಯಿ. ಕೊಳಕು ಗಿಲಕಿನ ಅಂಗಿ ಅಂಚಲ್ಲಿ ಒರೆಸಿ ಮಗು ಬಾಯಿಗೆ ಇಡ್ತೀರಿ. ಇವರು ಓಡಿ ಬಂದು ತಡೀತಾರೆ, ನಿಮಗೆ ಶುಚಿ ಅಂದ್ರೇನು ಅಂತ ಹೇಳಿಕೊಡ್ತಾರೆ. ನೀವು ತಲೆ ತಗ್ಗಿಸಿದ್ರೆ ಸಾಕು, ಮಾತೇನೂ ಇಲ್ಲ."

ಶುಚಿಮೂರ್ತಿ ಹೆಂಡತಿಯ ಕಡೆ ಆಸೆಯಿಂದ ನೋಡಿದ. "ಒಂದೇ ನಿಮಿಷದ ಕೆಲಸ ಕಣೇ. ನಟನೆ ತಾನೇ?"

"ನಟನೆ ನನಗೆ ಬರಲ್ಲ. ಮನೇಲಿ ಒಬ್ರು ಮಾಡ್ತಾ ಇದ್ದಾರಲ್ಲ, ಸಾಕು," ಎಂದಳು ಅವಳು. ಬುಗುರಿಯನ್ನು ಎತ್ತಿ ಸೊಂಟಕ್ಕೇರಿಸಿಕೊಂಡು, ಮೊಳೆಗೆ ನೇತುಹಾಕಿದ್ದ ಕಾರಿನ ಕೀ ತೆಗೆದುಕೊಂಡಳು.

"ಮೇಡಂ, ಮಗು ಇಲ್ದೇ ಫಿಲ್ಮ್ ಹೇಗೆ?"

"ನಿಮ್ಮ ನೀಲಿ ನೀರನ್ನ ನೀವೇ ಬಾಟಲಲ್ಲಿ ಹಾಕ್ಕೊಂಡು ಕುಡಿಯೋದನ್ನ ತೋರಿಸಿ. ಚೆನ್ನಾಗಿರುತ್ತೆ."

ಹಿಂದಿನಿಂದ ನಾದಿನಿ, "ಅತ್ತಿಗೆಗೆ ಎಷ್ಟು ಜಂಬ ನೋಡಣ್ಣಾ!" ಎಂದದ್ದು ಕೇಳಿಸಿತು. ಅವಳು ಹೊರಗಿನಿಂದ ಬಾಗಿಲು ಎಳೆದುಕೊಂಡಳು.

ಮಗುವನ್ನು ಹಿಂದಿನ ಸೀಟಿನಲ್ಲಿ ಬಿಗಿದು ಕೂರಿಸಿ ಕಾರು ತೆಗೆದವಳು ನೆಟ್ಟಗೆ ಹೋದದ್ದು ಡ್ರೈವಿಂಗ್ ಶಾಲೆಗೆ. ಶಾಲೆಯ ಯಜಮಾನಿ ತೂಕದ ಹೆಂಗಸು. ತೂಕ ಮೈಯಲ್ಲೂ ಇತ್ತು, ಮಾತಿನಲ್ಲೂ ಇತ್ತು. ಬುಗುರಿಯನ್ನು ಮೇಜಿನ ಮೇಲೆ ಕೂರಿಸಿಕೊಂಡು, ಅದು ಕೀಗೊಂಚಲನ್ನು ಬಾಯಿಗೆ ಹಾಕಿಕೊಂಡರೂ ತಡೆಯದೆ, ಕಥೆಯನ್ನೆಲ್ಲ ಕೇಳಿದಳು. ಬಾತುಕೋಳಿಯ ಭಾಗವನ್ನು ಎರಡು ಸಲ ಹೇಳಿಸಿಕೊಂಡು ನಕ್ಕಳು.

"ನನ್ನ ಗಂಡನೂ ಹೀಗೇ ಇದ್ದ. ಏನೂ ಮಾಡ್ತಿರಲಿಲ್ಲ, ಆದ್ರೆ ಹೇಳ್ಕೋತಾನೂ ಇರಲಿಲ್ಲ. ಅಷ್ಟರ ಮಟ್ಟಿಗೆ ಮರ್ಯಾದಸ್ಥ. ನೀನು ಯಾವತ್ತಿಂದ ಬರ್ತೀಯ ಹೇಳು."

"ಅವರು ವಾರಕ್ಕೆ ಎರಡು ದಿನ ಮನೆಯಿಂದಲೇ ಕೆಲಸ ಮಾಡ್ತಾರೆ. ಆ ಎರಡು ದಿನ ಬರ್ತೀನಿ ಮೇಡಂ."

"ಮಗು ಅವನ ಹತ್ರ ಇರುತ್ತಾ?"

"ಅವನ ಹತ್ರಾನೇ ಇರ್ಬೇಕು," ಎಂದಳು ಅವಳು. ಗಂಡನನ್ನು ಏಕವಚನದಲ್ಲಿ ಅಂದೆನಲ್ಲ ಎಂದು ಆಮೇಲೆ ಹೊಳೆಯಿತು. ಪರವಾಗಿಲ್ಲ ಅನಿಸಿತು.

ಮನೆಗೆ ವಾಪಸ್ಸು ಬಂದಾಗ ಬಂದವರೆಲ್ಲ ಹೋಗಿದ್ದರು. ಚಾಕೊಲೇಟ್ ಬಳಿದ ಆಟಿಕೆಗಳು ಬಿದ್ದಲ್ಲೇ ಬಿದ್ದು ಅವಕ್ಕೆ ಇರುವೆ ಮುತ್ತಿತ್ತು. ಬೇಸಿನ್ನಿನ ನೀಲಿ ನೀರನ್ನು ಚೆಲ್ಲುವ ಗೋಜಿಗೂ ಯಾರೂ ಹೋಗಿರಲಿಲ್ಲ. ಶುಚಿಮೂರ್ತಿ ಸೋಫಾದ ಮೇಲೆ ಮುಖ ಊದಿಸಿಕೊಂಡು ಕೂತಿದ್ದ. ಮಗುವಿನ ಬದಲು ಟವೆಲ್ಲಿನಲ್ಲಿ ಗೊಂಬೆಯೊಂದನ್ನು ಸುತ್ತಿ, ಅದರ ಬೆನ್ನು ಮಾತ್ರ ತೋರಿಸಿ, ನಾದಿನಿಯನ್ನೇ ಅಜಾಗರೂಕ ತಾಯಿ ಮಾಡಿ ಹೇಗೋ ಮುಗಿಸಿದ್ದರಂತೆ.

"ಎಲ್ಲರ ಮುಂದೆ ನನ್ನ ಮಾನ ಕಳೆದೆ ನೀನು."

"ನಿಮ್ಮ ಮಾನ ಬಾತುಕೋಳಿ ಹೊಟ್ಟೇಲಿತ್ತು ಅಂತ ನನಗೇನು ಗೊತ್ತು? ಗೊತ್ತಿದ್ರೆ ಎಸೀತಾನೇ ಇರಲಿಲ್ಲ."

"ಏನೋ ಗಡಿಬಿಡಿಯಲ್ಲಿ ಬಾಯಿ ತಪ್ಪಿ ನಿನ್ನ ಹೆಸರು ಬಂತಪ್ಪಾ."

"ಬಾಯಿ ತಪ್ಪಿ ಬಂದದ್ದೊಂದೇ ನಿಜ. ಇರ್ಲಿ. ಬುಧವಾರದಿಂದ ನಾನು ಕೆಲಸಕ್ಕೆ ಹೋಗ್ತೀನಿ."

"ಬುಗುರಿ?"

"ನಿಮ್ಮ ಹತ್ರ ಇರುತ್ತೆ."

"ಆಟಿಕೆ? ಊಟ?"

"ಊಟ ಮಾಡಿಟ್ಟು ಹೋಗ್ತೀನಿ. ಆಟಿಕೆ ನಾನು ಮುಟ್ಟೋ ಹಾಗೇ ಇಲ್ವಲ್ಲ."

ಅವನು ತಂಗಿಗೆ ಫೋನ್ ಮಾಡಿದ. ಕೈ ಬೇಕಾದರೆ ಕೊಡುವ ತಂಗಿ, ಕೆಲಸ ಎಂದಾಗ ತಲೆನೋವು ಎಂದಳು. ಹಾಗಾಗಿ ಬುಧವಾರ ಮನೆಯಲ್ಲಿ ಶುಚಿಮೂರ್ತಿ, ಬುಗುರಿ ಮತ್ತು ಆಟಿಕೆ ಬುಟ್ಟಿ, ಇಷ್ಟೇ ಉಳಿದರು.

ಅವತ್ತು ಅವಳ ಪಕ್ಕದಲ್ಲಿ ಕಲಿಯಲು ಕೂತಿದ್ದವರು ಬ್ರೆಡ್ ಬೇಯಿಸುವ ನಡುವಯಸ್ಸಿನ ಬೇಕರಿಯವರು. ಎದುರಿನಿಂದ ಸೈಕಲ್ ಬಂದರೂ ಕಣ್ಣು ಮುಚ್ಚಿಕೊಳ್ಳುವ ಸ್ವಭಾವ. ಅವರನ್ನು ದೊಡ್ಡ ರಸ್ತೆ ದಾಟಿಸುವಷ್ಟರಲ್ಲಿ ಫೋನ್ ಏಳೆಂಟು ಸಲ ಹೊಡೆದುಕೊಂಡಿತು. ಪಾಠ ಮುಗಿಸಿ, ಗಾಡಿ ಬದಿಗೆ ನಿಲ್ಲಿಸಿದ ಮೇಲೆ ಅವಳು ಎತ್ತಿದಳು.

"ಎಲ್ಲಿ ಹೋಗಿದ್ದೆ? ಈ ಮಂಗ ನಿಲ್ತಾನೇ ಇಲ್ಲ ಕಣೇ!" ಹಿಂದಿನಿಂದ ಮಗುವಿನ ಅಳುವೂ ಅದಕ್ಕಿಂತ ಜೋರಾಗಿ ಬ್ಯಾಟರಿ ಹಾಕಿದರೆ ನಗುವ ಆಟಿಕೆ ಮಂಗ ಕಿಕಿಕಿ ಎಂದು ನಗುವುದೂ ಕೇಳುತ್ತಿತ್ತು.

"ಏನು ಮಾಡಿದ್ರಿ ಅದನ್ನ?"

"ತೊಳೆದೆ."

"ಹೇಗೆ?"

ಆ ಕಡೆ ಸ್ವಲ್ಪ ಹೊತ್ತು ಮಂಗವೊಂದೇ ಮಾತಾಡಿತು. "ಬಕೆಟಲ್ಲಿ ನೆನೆಹಾಕಿದ್ದೆ."

"ಬ್ಯಾಟರಿ ಇರೋದನ್ನ ನೆನೆಹಾಕ್ತಾರೇನ್ರೀ? ಒದ್ದೆ ಬಟ್ಟೇಲಿ ಒರೆಸಿ ಅಂತ ನಿಮ್ಮ ಭಾಷಣದಲ್ಲೇ ಬರುತ್ತಲ್ಲ."

"ಅದು ಬರೆದುಕೊಟ್ಟಿದ್ದು, ಓದ್ತೀನಿ ಅಷ್ಟೆ."

ಇಷ್ಟು ವರ್ಷದಲ್ಲಿ ಅವನು ಹೇಳಿದ ಅತ್ಯಂತ ಪ್ರಾಮಾಣಿಕ ವಾಕ್ಯ ಇದೇ ಇರಬೇಕು. ಪಕ್ಕದಲ್ಲಿ ಬೇಕರಿಯವರು ಕಿಟಕಿಯಾಚೆ ನೋಡುತ್ತಾ ನಗು ತಡೆದುಕೊಳ್ಳುತ್ತಿದ್ದರು.

"ಕಾಲಡಿ ಒಂದು ಮುಚ್ಚಳ ಇದೆ. ಸ್ಕ್ರೂ ಬಿಚ್ಚಿ ಬ್ಯಾಟರಿ ತೆಗೀರಿ. ತೆಗೆದದ್ದನ್ನ ಮಗು ಕೈಗೆ ಸಿಗದ ಹಾಗೆ ಮೇಲಿಡಿ. ಮೊದಲು ಮಗೂನ ಎತ್ಕೊಳ್ಳಿ, ಆಮೇಲೆ ಮಂಗ," ಎಂದು ಹೇಳಿ ಇಟ್ಟಳು.

ಸಂಜೆ ಹೋಗಿ ನೋಡಿದರೆ ಮರದ ತುಂಡುಗಳು ನೀರು ಕುಡಿದು ಉಬ್ಬಿದ್ದವು, ಮೊಲದ ಒಂದು ಕಿವಿ ಕಿತ್ತುಬಂದಿತ್ತು, ಅಡುಗೆಮನೆಯ ನೆಲ ಕೆರೆಯಾಗಿತ್ತು. ಅವಳು ಕೆರೆಯನ್ನು ದಾಟಿ ಹೋಗಿ ಮಗುವಿಗೆ ಹಾಲು ಕುಡಿಸಿ ಮಲಗಿಸಿದಳು. ನೆಲ ಒರೆಸಲು ಹೋಗಲಿಲ್ಲ. ಒರೆಸದೆ ಇರುವುದು ಎಷ್ಟು ಕಷ್ಟದ ಕೆಲಸ ಎಂದು ಅವತ್ತೇ ಅವಳಿಗೆ ತಿಳಿದದ್ದು. ಕೈ ತಾನಾಗಿ ಬಟ್ಟೆಯ ಕಡೆ ಹೋಗುತ್ತಿತ್ತು, ಹಿಡಿದು ಮಡಿಲಲ್ಲಿ ಕೂರಿಸಿಕೊಂಡಳು.

ಅವನು ಬೈದ, ಗೊಣಗಿದ, ಬೆನ್ನುನೋವೆಂದ, ಕೊನೆಗೆ ಬೇರೆ ಗತಿಯಿಲ್ಲದೆ ಕಲಿತ. ಎರಡು ತಿಂಗಳು ಹೀಗೇ ಸಾಗಿತು. ಅಷ್ಟರಲ್ಲಿ ಫಿಲ್ಮ್ ಆಸ್ಪತ್ರೆಗಳಲ್ಲಿ ಓಡತೊಡಗಿ, ಗೊಂಬೆಯ ಬೆನ್ನು ತಟ್ಟುತ್ತಾ ಶುಚಿಯ ಪಾಠ ಹೇಳುವ ಗಂಡನನ್ನು ಅವಳು ಮಗುವಿನ ಲಸಿಕೆಗೆ ಹೋದಾಗ ನೋಡಿದಳು. ಕಾಯುತ್ತಿದ್ದ ಹೆಂಗಸರೆಲ್ಲ ಮೆಚ್ಚಿಕೊಂಡು ನೋಡುತ್ತಿದ್ದರು. ಅವಳು ಮಗುವಿನ ಟೋಪಿ ಸರಿಮಾಡುತ್ತಾ ಕೂತಳು.

ಒಂದು ಸಂಜೆ ಅವಳು ಕೆಲಸ ಮುಗಿಸಿ ಬಂದು ಕಾಫಿ ಹಿಡಿದು ಕೂತಾಗ, ಅವನು ಟವೆಲ್ಲಿನ ಮೇಲೆ ಆಟಿಕೆಗಳನ್ನು ಬೋರಲು ಹಾಕುತ್ತಿದ್ದ. ನಿಜಕ್ಕೂ ಚೆನ್ನಾಗಿ ತೊಳೆದಿದ್ದ. ಅದನ್ನು ಹೇಳಿಕೊಳ್ಳದೆ ಇದ್ದರೆ ಅವನು ಅವನಾಗುತ್ತಿರಲಿಲ್ಲ.

"ನೋಡಿಲ್ಲಿ. ಈ ಬಟ್ಟಲ ತಳದಲ್ಲಿ ಒಂದು ಅಂಚಿದ್ಯಲ್ಲ, ಅಂಟೆಲ್ಲ ಅಲ್ಲೇ ಕೂತಿರುತ್ತೆ. ಬ್ರಷ್ಷನ್ನ ಹೀಗೆ ಓರೆ ಹಿಡಿದು ಉಜ್ಬೇಕು. ನೀನು ಇದನ್ನ ಗಮನಿಸೇ ಇಲ್ಲ ಅನ್ಸುತ್ತೆ."

ತಿಂಗಳುಗಟ್ಟಲೆ ಆ ಅಂಚನ್ನು ದಿನಾ ಉಜ್ಜಿದವಳು ಲೋಟದಿಂದ ಮುಖವೆತ್ತಿ ಅವನನ್ನು ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಜಗತ್ತಿನಲ್ಲಿ ಆಟಿಕೆ ತೊಳೆಯುವುದು ಎಂಬ ವಿದ್ಯೆ ಅವನು ಕಲಿತ ದಿನದಿಂದಲೇ ಶುರುವಾಗಿತ್ತು. ಸುಳ್ಳು ಹೇಳುತ್ತಿದ್ದಾಗ ಒಂದು ಪಾಲು ಇದ್ದ ಜಂಬ, ಮಾತು ನಿಜವಾದ ಮೇಲೆ ಮೂರು ಪಾಲಾಗಿತ್ತು.

"ಹೌದಾ? ಗೊತ್ತೇ ಇರಲಿಲ್ಲ," ಎಂದಳು. ಹೊಟ್ಟೆಯೊಳಗಿಂದ ಎದ್ದ ನಗುವನ್ನು ಕಾಫಿಯ ಜೊತೆ ನುಂಗಿಕೊಂಡಳು.

"ಎಷ್ಟು ಕಷ್ಟದ ಕೆಲಸ ಗೊತ್ತಾ ಇದು? ಜನಕ್ಕೆ ಅರ್ಥಾನೇ ಆಗಲ್ಲ."

"ಅಯ್ಯೋ, ಎಲ್ಲಿ ಅರ್ಥ ಆಗ್ಬೇಕು!"

ಅಷ್ಟರಲ್ಲಿ ಬುಗುರಿ ಅಂಬೆಗಾಲಿಟ್ಟು ಬಂದು, ಟವೆಲ್ಲಿನ ತುದಿ ಹಿಡಿದು ಎಳೆಯಿತು. ಬಟ್ಟಲುಗಳೆಲ್ಲ ಚೆಲ್ಲಾಪಿಲ್ಲಿಯಾಗಿ ನೆಲದ ಮೇಲೆ ಉರುಳಿದವು. ಒಂದು ಹೋಗಿ ಚಪ್ಪಲಿಗಳ ನಡುವೆ ನಿಂತಿತು. ಶುಚಿಮೂರ್ತಿ ಹೆಂಡತಿಯ ಕಡೆ ನೋಡಿದ. ಅವಳು ಎರಡೂ ಕಾಲುಗಳನ್ನು ಮೇಲೆತ್ತಿ ಸೋಫಾದಲ್ಲಿ ಮಡಚಿಕೊಂಡು, ಇನ್ನೊಂದು ಗುಟುಕು ಕಾಫಿ ಹೀರಿದಳು.

ಅವನು ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಸೊಂಟಕ್ಕೆ ಕೈಯಿಟ್ಟು, "ಉಸ್ಸಪ್ಪಾ" ಎನ್ನುತ್ತ ಬಗ್ಗಿದ.